ಆತತಾಯಿಯ ಮುಂದೆ ನಮ್ಮ ಕರ್ತವ್ಯ



ಆಯುಧವೆತ್ತಿ ನಿರಪರಾಧಿಗಳನ್ನು ಕೊಲ್ಲಲು ಬರುವವನನ್ನು ಧರ್ಮಶಾಸ್ತ್ರವು ಆತತಾಯಿ ಎನ್ನುತ್ತದೆ. ಅವನನ್ನು ತಡೆಯುವುದು ದೋಷವಲ್ಲ. ಆದರೆ ಅಲ್ಲಿ ನೆರೆದ ಪ್ರತಿಯೊಬ್ಬರೂ ಅವನನ್ನು ಎದುರಿಸಲೇಬೇಕೆ?

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ನೆರೆದವರ ಮೇಲೆ ದುರುಳನೊಬ್ಬನು ಗುಂಡಿನ ಮಳೆಗರೆದನು; 51 ಜನರು ಅಸುನೀಗಿದರು. ನಯೀಮ್ ರಶೀದ್ ಎಂಬವರು ಬರಿಗೈಯಲ್ಲಿ ಅವನ ಮೇಲೆರಗಿ ಪ್ರಾಣತೆತ್ತರು. ಆ ಕ್ಷಣಗಳಲ್ಲಿ ಕೆಲವರು ಪಾರಾದರು. ಇನ್ನೊಂದು ಮಸೀದಿಯಲ್ಲಿ ಅಬ್ದುಲ್ ಅಜೀಜ್ ಎಂಬವರು ಕೈಗೆ ಸಿಕ್ಕ ಕಾರ್ಡ್ ಯಂತ್ರವನ್ನೇ ಎಸೆದು ಅವನನ್ನು ಅಟ್ಟಿದರು. ಹಾಗಾದರೆ ಓಡಿ ಉಳಿದವರು ತಪ್ಪಿತಸ್ಥರೇ?

ಏಕಚಕ್ರಪುರದಲ್ಲಿ ಬಕನಿಗೆ ಬಲಿ ಕೊಡುವ ಸರದಿ ಬಂದಾಗ ಆಶ್ರಯವಿತ್ತ ಬ್ರಾಹ್ಮಣನ ಮನೆಯವರೆಲ್ಲ ಅತ್ತರು. ಕುಂತಿಯು ಅವರನ್ನು ಹೇಡಿಗಳೆಂದು ಜರೆಯಲಿಲ್ಲ, ಮಕ್ಕಳೆಲ್ಲರನ್ನೂ ಕಳುಹಿಸಲಿಲ್ಲ. ಬಲವನ್ನರಿತು ಭೀಮಸೇನದೇವರನ್ನೇ ಕಳುಹಿಸಿದಳು. ಕರ್ತವ್ಯವು ಯೋಗ್ಯತೆಯನ್ನು ಅನುಸರಿಸುತ್ತದೆ. ಶಿಶುವನ್ನೆತ್ತಿಕೊಂಡು ಓಡಿದ ತಾಯಿಯೂ, ವೃದ್ಧರನ್ನು ಕೈಹಿಡಿದು ಮರೆಗೊಯ್ದವನೂ ಸ್ವಧರ್ಮವನ್ನೇ ಆಚರಿಸಿದರು. “ಏಕೆ ಹೋರಾಡಲಿಲ್ಲ?” ಎಂದು ಅವರನ್ನು ಕೇಳುವ ಅಧಿಕಾರವು ಸುರಕ್ಷಿತವಾಗಿ ಕುಳಿತ ನಮಗಿಲ್ಲ.

ಆದರೆ ತಡೆಯಬಲ್ಲವನು, ಬೇರೆ ದಾರಿಯಿಲ್ಲದಾಗಲೂ ಸುಮ್ಮನಿದ್ದರೆ, ಅದು ಕುರುಸಭೆಯ ಮೌನವೇ ಸರಿ. ಗೆಲುವು ಖಚಿತವಿಲ್ಲವೆಂಬುದು ನೆಪವಾಗದು. ವೃದ್ಧ ಜಟಾಯುವು ರಾವಣನನ್ನು ಗೆಲ್ಲಲಿಲ್ಲ. ಆದರೂ ಶ್ರೀರಾಮಚಂದ್ರನೇ ಅವನ ಅಂತ್ಯಕ್ರಿಯೆಯನ್ನು ನೆರವೇರಿಸಿದನು.

ಆದುದರಿಂದ ನಾವು ದ್ವೇಷಕ್ಕಾಗಿಯಲ್ಲ, ರಕ್ಷಣೆಗಾಗಿ ಮುಂದಾಗೋಣ. ಓಡಬೇಕಾದಾಗ ಒಬ್ಬರನ್ನಾದರೂ ಜೊತೆಗೆ ಕರೆದೊಯ್ಯೋಣ. ಸ್ವತಂತ್ರ ಕರ್ತನು ಶ್ರೀಹರಿಯೊಬ್ಬನೇ. ಫಲವು ಅವನ ಅಧೀನ.

ಶ್ರೀಕೃಷ್ಣಾರ್ಪಣಮಸ್ತು.