ನಂಬದವರೂ ಕಾಯಬೇಕಾದ ಕಾಗದ

ಒಬ್ಬರ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ಮಾತಿಲ್ಲದೆ ತಿಳಿಯುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಆದರೂ ಅದನ್ನು ಪ್ರಯೋಗದಿಂದ ಸಾಧಿಸಲು ಹೊರಟವರ ದಾಖಲೆಗಳು ರದ್ದಿಗೆ ಹೋಗಬಾರದು ಎನ್ನುತ್ತೇನೆ. ‘ಒಳ್ಳೆಯ ವಿಜ್ಞಾನಕ್ಕೇ ಕಪಾಟಿನಲ್ಲಿ ಜಾಗವಿಲ್ಲ, ಸುಳ್ಳನ್ನೂ ಕಾಪಾಡಬೇಕೇ?’ ಎಂದು ಗೆಳೆಯರು ನಗುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸುಳ್ಳು ಎಂದು ನಮಗೆ ಗೊತ್ತಾಗುವುದು ಹೇಗೆ?

ಲಂಡನ್ನಿನ ಗಣಿತಜ್ಞ ಎಸ್. ಜಿ. ಸೋಲ್ 1941ರಿಂದ 1943ರವರೆಗೆ ಬೇಸಿಲ್ ಶ್ಯಾಕಲ್ಟನ್ ಎಂಬ ಛಾಯಾಗ್ರಾಹಕನೊಂದಿಗೆ ಪ್ರಯೋಗ ನಡೆಸಿದರು. ಮರೆಯಲ್ಲಿ ಕುಳಿತವರು ನೋಡುವ ಚಿತ್ರ ಯಾವುದೆಂದು ಆತ ಹೇಳಬೇಕು. ಚಿತ್ರಗಳ ಸರದಿಯನ್ನು ಗಣಿತದ ಕೋಷ್ಟಕಗಳಿಂದ ಆಯ್ದ ಅಂಕಿಗಳು ನಿರ್ಧರಿಸುತ್ತವೆ ಎಂದು ಸೋಲ್ ಹೇಳಿದ್ದರು. ಬರೀ ಊಹೆಗೆ ಸಿಗುವುದಕ್ಕಿಂತ ಸರಿಯುತ್ತರಗಳು ಬಹಳ ಹೆಚ್ಚಿದ್ದವು. ಮುಂದೆ ಅನುಮಾನ ಎದ್ದಿತು. ಮೂಲ ಹಾಳೆಗಳು ಮಾತ್ರ ಇರಲಿಲ್ಲ. ರೈಲಿನಲ್ಲಿ ಕಳೆದುಹೋದವು ಎಂಬುದು ಸೋಲ್ ಅವರ ಉತ್ತರ.

ಅದೃಷ್ಟಕ್ಕೆ ನಕಲು ಪ್ರತಿಗಳು ಉಳಿದಿದ್ದವು. ಬೆಟ್ಟಿ ಮಾರ್ಕ್‌ವಿಕ್ ಅವುಗಳ ಅಂಕಿಗಳನ್ನು ತಾಳೆ ನೋಡಿ 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವೆಡೆ ಒಂದೇ ಅಂಕಿಸಾಲು ಮತ್ತೆ ಬಳಕೆಯಾಗಿತ್ತು, ನಡುವೆ ಹೆಚ್ಚುವರಿ ಅಂಕಿಗಳನ್ನು ತುರುಕಲಾಗಿತ್ತು. ಆ ತುರುಕಿದ ಜಾಗಗಳಲ್ಲೇ ಬಹುಪಾಲು ‘ಸರಿಯುತ್ತರ’! ಅವನ್ನು ತೆಗೆದರೆ ಉಳಿದದ್ದು ಬರೀ ಊಹೆ. ಇದನ್ನು ಪ್ರಕಟಿಸಿದ್ದು ಇಂಥ ಸಂಶೋಧನೆಗೆಂದೇ 1882ರಲ್ಲಿ ಹುಟ್ಟಿದ ಲಂಡನ್ನಿನ ಸಂಘವೇ.

ಆ ನಕಲುಗಳೂ ರದ್ದಿಗೆ ಹೋಗಿದ್ದರೆ, ನಂಬುವವರ ಬಳಿ ಪವಾಡ ಉಳಿಯುತ್ತಿತ್ತು, ನಂಬದವರ ಬಳಿ ಗುಮಾನಿ. ಗುಮಾನಿಯನ್ನು ಪುರಾವೆ ಎನ್ನಲಾಗದು. ಕಾಗದ ಎಸೆಯುವವನು ಸುಳ್ಳನ್ನು ಸೋಲಿಸುವುದಿಲ್ಲ, ವಿಚಾರಣೆಯನ್ನೇ ನಿಲ್ಲಿಸುತ್ತಾನೆ. ಒಂದು ವೇಳೆ ಅಲ್ಲಿ ನಿಜವೇ ಇದ್ದರೆ, ಅದಕ್ಕೂ ಅದೇ ಗತಿ.

ಒಂದು ತೊಡಕಿದೆ. ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳ ಪ್ರಕರಣಗಳನ್ನು ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಸಂಗ್ರಹಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಅವರೊಂದಿಗೆ ಕೆಲಸ ಮಾಡಿದರು. ಇಂಥ ಕಡತಗಳಲ್ಲಿ ಅಂಕಿಗಳಷ್ಟೇ ಅಲ್ಲ, ಮನೆಗಳ ಗುಟ್ಟೂ ಸಾವಿನ ದುಃಖವೂ ಇರುತ್ತವೆ. ಆ ಮಕ್ಕಳು ಈಗ ದೊಡ್ಡವರು. ಹಾಗಾಗಿ ಕಾಯುವುದು ಬೇರೆ, ಎಲ್ಲರಿಗೂ ತೆರೆದಿಡುವುದು ಬೇರೆ. ಬೀಗ ಇರಲಿ, ಬೀಗದ ಕೈಯನ್ನು ಯಾರಿಗೆ ಯಾವಾಗ ಕೊಡಬೇಕೆಂಬ ನಿಯಮವೂ ಇರಲಿ. ಬೆಂಕಿ ಮಾತ್ರ ಬೇಡ.

ಕಳೆದ ತಿಂಗಳು ನನ್ನ ಪಿಎಚ್‌ಡಿ ಟಿಪ್ಪಣಿಗಳನ್ನು ಚೆಂದವಾಗಿ ನಕಲು ಮಾಡಿ, ಹೊಡೆದುಹಾಕಿದ ಸಾಲುಗಳಿದ್ದ ಹಳೆಯ ಪುಸ್ತಕವನ್ನು ರದ್ದಿಗೆ ಕಟ್ಟಿಟ್ಟಿದ್ದೆ. ಆ ರೈಲು ನೆನಪಾಯಿತು. ಕಟ್ಟು ಬಿಚ್ಚಿ ಪುಸ್ತಕವನ್ನು ಮತ್ತೆ ಕಪಾಟಿಗೆ ಸೇರಿಸಿದೆ.