ಯಾರ ತೊಗಲು ಮೊದಲು?



ಗಾಯಕ್ಕೆ ಮದ್ದು ಹುಡುಕಬೇಕಾದರೆ ಮೊದಲು ಗಾಯ ಇರಬೇಕು. ತಾನಾಗಿ ಆಗಿದ್ದರೆ ಸರಿ. ಆಗಿರದಿದ್ದರೆ ಯಾರದೋ ಮೈಮೇಲೆ ಅದನ್ನು ಮಾಡಬೇಕು. ಯಾರ ಮೈಮೇಲೆ? ಇಂದಿನ ಚಿಂತನೆ ಇಷ್ಟೇ. ಆದರೆ ಇದಕ್ಕೊಂದು ಇತಿಹಾಸ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

1917ರ ಜುಲೈ 12ರಂದು ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನ್ ಸೈನ್ಯ ಮೊದಲ ಸಲ ಮಸ್ಟರ್ಡ್ ಗ್ಯಾಸ್ ಬಳಸಿತು. ಹೆಸರಿಗೆ ಗ್ಯಾಸ್, ನಿಜದಲ್ಲಿ ಎಣ್ಣೆಯಂಥ ದ್ರವ. ಸಾಸಿವೆಯದೋ ಬೆಳ್ಳುಳ್ಳಿಯದೋ ಎಂಬಂಥ ವಾಸನೆ. ಮೈಗೆ ತಾಗಿದಾಗ ನೋವಾಗುವುದಿಲ್ಲ, ಅದೇ ಅದರ ಮೋಸ. ಕೆಲವು ತಾಸು ಕಳೆದ ಮೇಲೆ ಚರ್ಮ ಕೆಂಪಾಗುತ್ತದೆ, ತುರಿಸುತ್ತದೆ, ಆಮೇಲೆ ಹಳದಿ ನೀರು ತುಂಬಿದ ಗುಳ್ಳೆಗಳು ಏಳುತ್ತವೆ. ಬೆವರುವ ಕಡೆ, ಅಂದರೆ ಕಂಕುಳು, ತೊಡೆಸಂದಿಯಲ್ಲಿ ಹೆಚ್ಚು. (ನಮ್ಮ ಚಡಚಣದ ಏಪ್ರಿಲ್ ಬಿಸಿಲು ಕಂಡವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ.) ಜೀವಕೋಶದೊಳಗಿನ ಡಿಎನ್‌ಎಗೇ ಅದು ಅಂಟಿಕೊಳ್ಳುವುದರಿಂದ ಗಾಯ ಮಾಯಲು ವಾರಗಳೋ ತಿಂಗಳುಗಳೋ ಬೇಕು. ನೂರು ವರ್ಷ ದಾಟಿದರೂ ಪ್ರತಿವಿಷ ಇಲ್ಲ. ತಾಗಿದ ಕೆಲವೇ ನಿಮಿಷಗಳಲ್ಲಿ ತೊಳೆಯಬೇಕು, ಆಮೇಲೆ ಸುಟ್ಟ ಗಾಯದಂತೆ ಆರೈಕೆ ಮಾಡಬೇಕು.

ಇನ್ನು ನಮ್ಮ ನೆಲದ ಸಂಗತಿ. ಬ್ರಿಟನ್ನಿನ ಪೋರ್ಟನ್ ಡೌನ್ ಎಂಬ ಸೈನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1930ರ ದಶಕದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ, ಆಗ ಅವಿಭಜಿತ ಭಾರತದಲ್ಲಿದ್ದ ರಾವಲ್ಪಿಂಡಿಯಲ್ಲಿ ನೂರಾರು ಭಾರತೀಯ ಸಿಪಾಯಿಗಳ ಮೇಲೆ ಈ ವಿಷವನ್ನು ಪರೀಕ್ಷಿಸಿದರು. ಕೆಲವರನ್ನು ಬರಿ ಚಡ್ಡಿ, ಹತ್ತಿ ಅಂಗಿಯಲ್ಲಿ ಗ್ಯಾಸ್ ಕೋಣೆಯೊಳಗೆ ಕಳಿಸಿದರು. ಒಬ್ಬ ಸಿಪಾಯಿಯ ಮುಖವಾಡ ಸರಿದು ಕಣ್ಣು, ಮುಖ ಸುಟ್ಟವು. ಅವರಿಗೆ ಬೇಕಾಗಿದ್ದ ಉತ್ತರ: ಭಾರತೀಯನ ಚರ್ಮಕ್ಕೆ ಬಿಳಿಯನ ಚರ್ಮಕ್ಕಿಂತ ಹೆಚ್ಚು ಗಾಯವಾಗುತ್ತದೆಯೋ ಹೇಗೆ? ಆ ಸಿಪಾಯಿಗಳು ಮುಂದೆ ಏನಾದರು ಎಂದು ಯಾರೂ ಹೋಗಿ ನೋಡಲಿಲ್ಲ. ಹಳೆಯ ಕಡತಗಳಿಂದ ಇದನ್ನು ಹೊರತೆಗೆದು 2007ರಲ್ಲಿ ಜಗತ್ತಿಗೆ ಹೇಳಿದ್ದು ಗಾರ್ಡಿಯನ್ ಪತ್ರಿಕೆ. ಪೋರ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರ ಮೇಲೂ ಸಾವಿರಗಟ್ಟಲೆ ಪರೀಕ್ಷೆ ನಡೆದಿವೆ, ಅದನ್ನೂ ಹೇಳುವುದು ನ್ಯಾಯ.

ಇದನ್ನು ಓದಿದಾಗ ನನಗೆ ಬೆಳಗಾವಿ ನೆನಪಾಯಿತು. ಸುಬೇದಾರ ರಾಮಜಿ ಸಕ್ಪಾಲರ ಮಗ ನಮ್ಮ ಬಾಬಾಸಾಹೇಬರು. ಯಾವ ಸೈನ್ಯದ ಬಾಗಿಲು ನಮ್ಮ ಜನರಿಗೆ 1890ರ ದಶಕದಲ್ಲಿ ಮುಚ್ಚಿತ್ತೋ, ಅದನ್ನು ತೆರೆಸಲು ಅವರು ಹೋರಾಡಿದರು. 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟ್ ಹುಟ್ಟಿದ್ದು ಬೆಳಗಾವಿಯಲ್ಲಿ. ಸಮವಸ್ತ್ರ ಎಂದರೆ ನಮಗೆ ಗೌರವ, ಓದು, ಪಿಂಚಣಿ, ಎದೆಯೆತ್ತಿ ನಡೆಯುವ ಹಕ್ಕು. ಅದೇ ವರ್ಷಗಳಲ್ಲಿ, ಅದೇ ಸೈನ್ಯದಲ್ಲಿ, ಸಮವಸ್ತ್ರ ತೊಟ್ಟವನ ತೊಗಲು ಪ್ರಯೋಗದ ಸಾಮಾನಾಗಿತ್ತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಹುಲ್ಲು, ಮರ, ಹುಳ, ಪ್ರಾಣಿಗಳಲ್ಲಿ ಜಾತಿಯ ಗುರುತು ಮೈಮೇಲೇ ಇರುತ್ತದೆ, ಮನುಷ್ಯರ ಮೈಮೇಲೆ ಅಂಥ ಗುರುತಿಲ್ಲ ಎಂದು ವಾಸೆಟ್ಠ ಸುತ್ತದಲ್ಲಿ ಭಗವಾನ್ ಬುದ್ಧರು ತೋರಿಸಿಕೊಟ್ಟಿದ್ದಾರೆ. ಹಾಗಂತ ಚರ್ಮದ ಬಣ್ಣಕ್ಕೂ ಗಾಯಕ್ಕೂ ಸಂಬಂಧವಿದೆಯೇ ಎಂದು ಕೇಳುವುದೇ ಪಾಪವೆಂದು ನಾನು ಹೇಳುವುದಿಲ್ಲ. ವೈದ್ಯ ಕೇಳಬಹುದು. ಆದರೆ ಇಲ್ಲವೆನ್ನಲಾಗದವನ ಮೈಯನ್ನು ಉತ್ತರಪತ್ರಿಕೆ ಮಾಡಿಕೊಳ್ಳಬಾರದು.

‘ಪ್ರಯೋಗ ಮಾಡುವವನು ಮೊದಲು ತನ್ನ ಮೈಮೇಲೆ ಮಾಡಿಕೊಳ್ಳಲಿ’ ಎಂದು ನೀವು ಹೇಳಬಹುದು. ಒಳ್ಳೆಯ ಮಾತು, ಆದರೆ ಸಾಲದು. ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1915ರಲ್ಲಿ ತಂದೆಯೊಂದಿಗೆ ತಾನೇ ಕ್ಲೋರಿನ್ ಗಾಳಿ ಉಸಿರಾಡಿ ಮುಖವಾಡ ಪರೀಕ್ಷಿಸಿದ ಧೀರ. ಅದೇ ಹಾಲ್ಡೇನ್ 1925ರಲ್ಲಿ ರಾಸಾಯನಿಕ ಯುದ್ಧವನ್ನು ಸಮರ್ಥಿಸಿ ಪುಸ್ತಕ ಬರೆದು, ಕಪ್ಪು ಚರ್ಮದವರು ಮಸ್ಟರ್ಡ್ ಗ್ಯಾಸನ್ನು ಹೆಚ್ಚು ತಡೆದುಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದರು. ತನ್ನ ಮೈ ಒಡ್ಡುವ ಧೈರ್ಯ ಬೇರೆ, ಇನ್ನೊಬ್ಬನ ಮೈ ತನ್ನದರಂತೆಯೇ ಎಂದು ತಿಳಿಯುವ ಕಣ್ಣು ಬೇರೆ.

‘ಉದ್ದೇಶ ಒಳ್ಳೆಯದಿತ್ತಲ್ಲ, ಚೇತನವೇ ಕಮ್ಮ ಅಲ್ಲವೇ?’ ಎಂಬ ಪ್ರಶ್ನೆಯೂ ಬರುತ್ತದೆ. ನಾಜಿಗಳ ಸಾಕ್ಸೆನ್‌ಹೌಸೆನ್ ಶಿಬಿರದಲ್ಲಿ ಕೈದಿಗಳಿಗೆ ಮಸ್ಟರ್ಡ್ ಗಾಯ ಮಾಡಿದ್ದೂ ಚಿಕಿತ್ಸೆ ಹುಡುಕುವ ಹೆಸರಿನಲ್ಲೇ. ಅದಕ್ಕೇ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶವೇ ಸ್ವಯಂ ಒಪ್ಪಿಗೆ. ಬಾಬಾಸಾಹೇಬರು ಅಹಿಂಸೆಯನ್ನು ವಿವರಿಸುವಾಗ ಕೊಲ್ಲುವ ಇಚ್ಛೆಯನ್ನೂ ಕೊಲ್ಲಬೇಕಾದ ಅಗತ್ಯವನ್ನೂ ಬೇರೆ ಮಾಡಿ ತೋರಿಸಿದರು. ಆ ಅಗತ್ಯ ಯಾರದು ಎಂದು ನಾನು ಕೇಳುತ್ತೇನೆ. ರಾವಲ್ಪಿಂಡಿಯ ಸಿಪಾಯಿಯದಂತೂ ಅಲ್ಲ.

ಈಗ ಪ್ರಯೋಗ ಇಲಿಗಳ ಮೇಲೆ ನಡೆಯುತ್ತದೆ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಲ್ಲಿ ಮಸ್ಟರ್ಡ್ ವಿಷಕ್ಕೆ ಔಷಧಿಗಳನ್ನು ಹಾಗೆಯೇ ಪರೀಕ್ಷಿಸಿದ್ದಾರೆ. ನಮ್ಮ ದೇಶ ತನ್ನಲ್ಲಿದ್ದ 1,044 ಟನ್ ವಿಷವನ್ನು 2009ರ ಹೊತ್ತಿಗೆ ನಾಶಮಾಡಿದೆ. ಇಲಿಗೂ ನೋವಿದೆ. ಆ ಲೆಕ್ಕ ನನ್ನ ಮನಸ್ಸಿನಲ್ಲಿ ಇನ್ನೂ ಮುಗಿದಿಲ್ಲ.

ಇದೆಲ್ಲ ಈಗೇಕೆ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನಮ್ಮ ಕೇರಿಯವನೇ, ದೊಡ್ಡ ಊರಿನಲ್ಲಿ ಔಷಧ ಪರೀಕ್ಷೆಗೆ ಮೈಕೊಟ್ಟು ಕಾಲೇಜಿನ ಫೀ ತುಂಬಬೇಕೆಂದಿದ್ದಾನೆ. ‘ಸರ್, ಇದೂ ದಾನವೇ ಅಲ್ಲವೇ?’ ಎಂದು ಕೇಳಿದ. ಹೌದು, ಆಗಬಹುದು. ಯಾರೋ ಒಬ್ಬರು ಮೊದಲಿಗರಾಗದೆ ಯಾವ ಮಾತ್ರೆಯೂ ನಮ್ಮ ಕೈಗೆ ಬರುವುದಿಲ್ಲ. ಆದರೆ ಫೀ ತುಂಬಲು ಬೇರೆ ದಾರಿ ಇದ್ದಿದ್ದರೂ ಹೋಗುತ್ತಿದ್ದೆಯಾ ಎಂದೆ. ಸುಮ್ಮನಾದ. ಸಿಪಾಯಿಗೆ ಹುಕುಂ ಇತ್ತು, ಇವನಿಗೆ ಫೀ ರಶೀದಿ ಇದೆ.

ಅವನಿಗೆ ಪೂತಿಗತ್ತ ತಿಸ್ಸನ ಕತೆ ಹೇಳಿದೆ. ಮೈಯೆಲ್ಲ ಗುಳ್ಳೆ ಎದ್ದು, ಒಡೆದು, ಚೀವರ ಕೀವಿಗೆ ಅಂಟಿಕೊಂಡಿದ್ದ ಭಿಕ್ಕು. ಸಂಗಡಿಗರೇ ಅವನನ್ನು ಬಿಟ್ಟುಹೋಗಿದ್ದರು. ಭಗವಾನರು ತಾವೇ ನೀರು ಕಾಯಿಸಿದರು, ಅವನ ಮೈ ತೊಳೆದರು, ಚೀವರ ಒಗೆಸಿದರು. ಪರೀಕ್ಷೆಯ ಆಮೇಲೆ ನಿನ್ನ ಮೈ ತೊಳೆಯುವವರು ಯಾರು ಎಂದು ಆ ಕಾಗದದಲ್ಲಿ ಬರೆದಿದೆಯೇ ನೋಡು ಎಂದೆ. 2019ರ ಔಷಧ ಪರೀಕ್ಷಾ ನಿಯಮಗಳ ಪ್ರಕಾರ ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು, ಬೇಡವೆನಿಸಿದರೆ ನಡುವೆಯೇ ಎದ್ದು ಬರಬಹುದು, ಒಪ್ಪಿಗೆ ಪತ್ರ ಅವನಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು.

ಅವನು ತೋರಿಸಿದ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡದ ಪ್ರತಿ ಕೇಳು, ಬಂದ ಮೇಲೆ ಇಬ್ಬರೂ ಕೂತು ಓದೋಣ ಎಂದಿದ್ದೇನೆ. ಕೇಳಿದ್ದಾನೆ. ಇನ್ನೂ ಬಂದಿಲ್ಲ.