ಹೇಳದಿರುವುದು ಸುಳ್ಳಾಗುವುದೇ?

ಕಳೆದ ಚಾತುರ್ಮಾಸ್ಯದ ಒಂದು ಸಂಜೆ, ಪಾಠ ಮುಗಿದು ಮಂಗಳಾರತಿಯಾದ ಮೇಲೆ, ಹಿರಿಯ ಸುಮಂಗಲಿಯೊಬ್ಬರು ನಮ್ಮ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರ ಅಳಿಯ ನೌಕಾಪಡೆಯ ಅಧಿಕಾರಿ. “ರಾಯರೇ, ನಮ್ಮ ಅಳಿಯಂದಿರು ಒಳ್ಳೆಯವರು, ಸಂಧ್ಯಾವಂದನೆ ಬಿಟ್ಟವರಲ್ಲ, ಮಕ್ಕಳೆಂದರೆ ಪ್ರಾಣ. ಆದರೆ ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ಹೆಂಡತಿಗೂ ಹೇಳುವುದಿಲ್ಲ. ಅಗ್ನಿಸಾಕ್ಷಿಯಾಗಿ ಕೈಹಿಡಿದವಳಿಂದ ಮುಚ್ಚಿಡುವುದು ಸುಳ್ಳು ಹೇಳಿದ ಹಾಗೆಯೇ ಅಲ್ಲವೇ?” ಎಂದರು. ಆಗ ನಾವು ಏನೋ ಸಮಾಧಾನದ ಮಾತನ್ನಾಡಿ ಕಳುಹಿಸಿದೆವು. ಅದು ನಮಗೇ ಸಮಾಧಾನವನ್ನುಂಟುಮಾಡಲಿಲ್ಲವಾದ್ದರಿಂದ ಇಲ್ಲಿ ಆ ಪ್ರಶ್ನೆಯನ್ನು ವಿಚಾರಿಸುತ್ತಿದ್ದೇವೆ.

ಪೂರ್ವಪಕ್ಷವು ದುರ್ಬಲವೇನೂ ಅಲ್ಲ. ಸತ್ಯವು ಧರ್ಮಗಳಲ್ಲಿ ಅಗ್ರಗಣ್ಯ. ಪತ್ನಿಯು ಸಹಧರ್ಮಿಣಿ, ಪತಿಯ ಧರ್ಮಾಚರಣೆಯಲ್ಲಿ ಅವಳಿಗೆ ಭಾಗವುಂಟು. ಭಾಗವುಳ್ಳವಳಿಗೆ ಲೆಕ್ಕವನ್ನೇ ತೋರಿಸದಿದ್ದರೆ ಅದು ವಂಚನೆಯಾಗದೇ ಎಂಬುದು ಶಂಕೆ. ಇದಕ್ಕೆ ಉತ್ತರವನ್ನು ಕಾಣಲು ದೂರದೇಶದ ಒಬ್ಬ ಗೃಹಸ್ಥನ ಜೀವನವನ್ನು ನೋಡೋಣ. ಗುಣವು ಎಲ್ಲಿದ್ದರೂ ಗ್ರಾಹ್ಯವಷ್ಟೆ.

ಜೋಸೆಫ್ ರೋಷ್‌ಫೋರ್ಟ್ ಎಂಬವರು ೧೯೦೦ರಲ್ಲಿ ಅಮೆರಿಕದ ಒಹಾಯೋ ರಾಜ್ಯದಲ್ಲಿ ಜನಿಸಿದರು. ೧೯೧೮ರಲ್ಲಿ ನೌಕಾಪಡೆಗೆ ಸಾಮಾನ್ಯ ನಾವಿಕರಾಗಿ ಸೇರಿ, ಅಧಿಕಾರಿಗಳ ಪ್ರಸಿದ್ಧ ವಿದ್ಯಾಲಯದ ಮೆಟ್ಟಿಲನ್ನು ಹತ್ತದೆಯೇ ಅಧಿಕಾರಿಯಾದರು. ೧೯೨೯ರಿಂದ ಮೂರು ವರ್ಷ ಜಪಾನಿನಲ್ಲಿದ್ದು ಅಲ್ಲಿನ ಭಾಷೆಯನ್ನು ಅಭ್ಯಾಸ ಮಾಡಿದರು. ಪತ್ನಿ ಮತ್ತು ಇಬ್ಬರು ಮಕ್ಕಳ ಸಂಸಾರಸ್ಥರು. ಶತ್ರುವಿನ ಗೂಢಲಿಪಿಯನ್ನು ಭೇದಿಸುವುದು ಅವರ ವೃತ್ತಿ. ಹವಾಯಿ ದ್ವೀಪಸಮೂಹದ ಪರ್ಲ್ ಹಾರ್ಬರಿನಲ್ಲಿ, ಕಚೇರಿಯೊಂದರ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ, ೧೯೪೧ರಿಂದ ಅವರ ತಂಡವು ಕೆಲಸ ಮಾಡುತ್ತಿತ್ತು. ಆ ವರ್ಷ ಡಿಸೆಂಬರ್ ೭ರಂದು ಜಪಾನಿನ ವಿಮಾನಗಳು ಅದೇ ಬಂದರಿನ ಮೇಲೆರಗಿದವು. ನಾಳೆ ಶತ್ರುವು ಮಾಡುವುದನ್ನು ಇಂದೇ ತಿಳಿಸುವುದು ತನ್ನ ಕರ್ತವ್ಯವಾಗಿತ್ತು, ಅದರಲ್ಲಿ ತಾನು ತಪ್ಪಿದೆ ಎಂದೇ ಅವರು ಭಾವಿಸಿದರು. ಅಲ್ಲಿಂದ ಮುಂದೆ ದಿನಗಟ್ಟಲೆ ನೆಲಮಾಳಿಗೆಯನ್ನು ಬಿಟ್ಟು ಹೊರಬಾರದೆ, ಅಲ್ಲಿಯೇ ಮಲಗೆದ್ದು ದುಡಿದರು.

೧೯೪೨ರ ಮೇ ತಿಂಗಳಲ್ಲಿ ಜಪಾನಿನ ಸಂದೇಶಗಳಲ್ಲಿ ‘ಎಎಫ್’ ಎಂಬ ಸಂಕೇತವು ಮತ್ತೆಮತ್ತೆ ಬರತೊಡಗಿತು. ಮುಂದಿನ ದಾಳಿ ನಡೆಯುವುದು ಅಲ್ಲಿಯೇ. ಅದು ಮಿಡ್‌ವೇ ದ್ವೀಪವೆಂದು ರೋಷ್‌ಫೋರ್ಟರ ನಿಶ್ಚಯ. ವಾಷಿಂಗ್ಟನ್ನಿನ ಹಿರಿಯರಿಗೆ ಸಂದೇಹ. ಆಗ ಅವರ ಸಹೋದ್ಯೋಗಿ ಜಾಸ್ಪರ್ ಹೋಮ್ಸ್ ಎಂಬವರು ಒಂದು ಉಪಾಯವನ್ನು ಸೂಚಿಸಿದರು. ಕಡಲಡಿಯ ತಂತಿಯ ಮೂಲಕ ಮಿಡ್‌ವೇಗೆ ಗುಟ್ಟಾಗಿ ಆಜ್ಞೆ ಹೋಯಿತು. ಅದರಂತೆ ಮಿಡ್‌ವೇಯವರು, ‘ನಮ್ಮಲ್ಲಿ ಸಿಹಿನೀರಿನ ಯಂತ್ರ ಕೆಟ್ಟಿದೆ’ ಎಂದು ಎಲ್ಲರಿಗೂ ಕೇಳುವಂತೆ ರೇಡಿಯೋದಲ್ಲಿ ಸಾರಿದರು. ಯಂತ್ರ ಕೆಟ್ಟಿರಲಿಲ್ಲ. ಸ್ವಲ್ಪ ಕಾಲದಲ್ಲಿಯೇ, ‘ಎಎಫ್‌ನಲ್ಲಿ ನೀರಿಗೆ ಕೊರತೆ’ ಎಂಬ ಜಪಾನಿನ ಸಂದೇಶವು ಇವರಿಗೆ ದೊರೆಯಿತು. ಸೇನಾಪತಿ ನಿಮಿಟ್ಸ್ ಈ ಮಾತನ್ನು ನಂಬಿ ತಮ್ಮ ನೌಕೆಗಳನ್ನು ಹೊಂಚಿನಲ್ಲಿರಿಸಿದರು. ಜೂನ್ ೪ರಂದು ಆರಂಭವಾದ ಯುದ್ಧದಲ್ಲಿ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು ಮುಳುಗಿದವು. ಅಮೆರಿಕನ್ನರು ಕಳೆದುಕೊಂಡ ಅಂತಹ ನೌಕೆ ಒಂದೇ.

ನೀರಿನ ಯಂತ್ರದ ಮಾತು ಶುದ್ಧ ಅಸತ್ಯವಾಗಿತ್ತು. ಇದು ಪಾಪವೋ? ಇಲ್ಲಿ ಕರ್ಣಪರ್ವದ ಕೌಶಿಕನು ನೆನಪಾಗುತ್ತಾನೆ. ನದಿಗಳ ಸಂಗಮದಲ್ಲಿ ವಾಸವಾಗಿದ್ದ ಆ ಬ್ರಾಹ್ಮಣನಿಗೆ ಸದಾ ಸತ್ಯವನ್ನೇ ನುಡಿಯುವ ವ್ರತ. ಕಳ್ಳರಿಗೆ ಹೆದರಿ ಜನರು ಕಾಡಿನೊಳಗೆ ಅಡಗಿದರು. ಬೆನ್ನಟ್ಟಿ ಬಂದ ಕಳ್ಳರು ಕೇಳಿದಾಗ, ವ್ರತಭಂಗವಾಗದಿರಲೆಂದು, ಅವರು ಹೋದ ದಾರಿಯನ್ನು ಕೌಶಿಕನು ಉಳ್ಳ ಹಾಗೆಯೇ ತೋರಿಸಿದನು. ಅಡಗಿದವರೆಲ್ಲರೂ ಹತರಾದರು, ಕೌಶಿಕನಿಗೆ ನರಕವಾಯಿತು. ಇದನ್ನು ಹೇಳಿದವನು ಸಾಕ್ಷಾತ್ ಶ್ರೀಕೃಷ್ಣ. ಅವನು ಅಲ್ಲಿ ಒಂದು ಕ್ರಮವನ್ನೂ ತಿಳಿಸುತ್ತಾನೆ: ಮೌನದಿಂದಲೇ ಸಾಧುಗಳ ರಕ್ಷಣೆಯಾಗುವುದಾದರೆ ಮೌನವೇ ಸರಿ, ಮಾತನಾಡಲೇಬೇಕಾದ ಅನಿವಾರ್ಯತೆ ಬಂದಲ್ಲಿ ಮಾತ್ರ ಅಸತ್ಯಕ್ಕೆ ಅವಕಾಶ. ಎಂದಮೇಲೆ ಹೇಳದಿರುವುದೂ ಸುಳ್ಳು ನುಡಿಯುವುದೂ ಒಂದೇ ಮೆಟ್ಟಿಲಿನ ಮೇಲೆ ನಿಲ್ಲುವಂಥವಲ್ಲ.

ಕೌಶಿಕನಂಥವರು ಆ ಯುದ್ಧದಲ್ಲಿಯೂ ಇದ್ದರು. ಜಪಾನಿನ ಯೋಜನೆಯು ನೌಕಾಪಡೆಗೆ ಮೊದಲೇ ತಿಳಿದಿತ್ತೆಂದು ಶಿಕಾಗೋ ನಗರದ ಪತ್ರಿಕೆಯೊಂದು ೧೯೪೨ರ ಜೂನ್ ೭ರಂದು ಮುಖಪುಟದಲ್ಲಿ ಪ್ರಕಟಿಸಿತು. ವರದಿ ನಿಜವೇ ಆಗಿತ್ತು. ಅದರ ಅರ್ಥವು ಶತ್ರುವಿಗೆ ಹೊಳೆದು ಗೂಢಲಿಪಿಯು ಪೂರ್ಣವಾಗಿ ಬದಲಾಗಿದ್ದರೆ, ಆ ನಿಜಕ್ಕೆ ಸಾವಿರಾರು ನಾವಿಕರು ಬೆಲೆ ತೆರಬೇಕಾಗುತ್ತಿತ್ತು.

ಗೆದ್ದ ರೋಷ್‌ಫೋರ್ಟರಿಗೆ ದೊರೆತದ್ದೇನು? ನಿಮಿಟ್ಸ್ ಅವರು ಗೌರವಪದಕಕ್ಕೆ ಶಿಫಾರಸು ಮಾಡಿದರು, ವಾಷಿಂಗ್ಟನ್ ಒಪ್ಪಲಿಲ್ಲ. ಅದೇ ಅಕ್ಟೋಬರಿನಲ್ಲಿ ಅವರನ್ನು ಆ ನೆಲಮಾಳಿಗೆಯಿಂದ ತೆಗೆದು, ಮುಂದೆ ಹಡಗುಗಳನ್ನು ದುರಸ್ತಿ ಮಾಡುವ ತೇಲುವ ಡಾಕ್ ಒಂದರ ಉಸ್ತುವಾರಿಗೆ ಹಾಕಲಾಯಿತು. ಕಾರಣವೇನೆಂದು ಲೋಕಕ್ಕೆ ಹೇಳುವಂತಿರಲಿಲ್ಲ, ಏಕೆಂದರೆ ಅವರು ಮಾಡಿದ ಕಾರ್ಯವೇ ರಹಸ್ಯ. ಅವರು ೧೯೭೬ರಲ್ಲಿ ತೀರಿಕೊಂಡರು. ಪದಕವು ೧೯೮೬ರಲ್ಲಿ ಬಂದಿತು. ರಾಷ್ಟ್ರಾಧ್ಯಕ್ಷ ರೇಗನ್ನರಿಂದ ಅದನ್ನು ಸ್ವೀಕರಿಸಿದವರು ಅವರ ಮಕ್ಕಳು.

ನಮ್ಮ ಸುಮಂಗಲಿಯ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಮೌನವನ್ನು ಪರೀಕ್ಷಿಸುವ ಒರೆಗಲ್ಲು ಒಂದೇ: ಆ ಮೌನದ ಫಲವನ್ನು ಉಣ್ಣುವವರು ಯಾರು? ತನ್ನ ದೋಷವನ್ನು ಅಡಗಿಸಲು, ತನ್ನ ಲಾಭಕ್ಕಾಗಿ, ಪತ್ನಿಯಿಂದ ಮುಚ್ಚಿಡುವವನ ಮೌನದ ಫಲವನ್ನು ಅವನೇ ಉಣ್ಣುತ್ತಾನೆ, ಅದು ವಂಚನೆ. ಪರರ ಪ್ರಾಣರಕ್ಷಣೆಗಾಗಿ ಮುಚ್ಚಿಡುವವನ ಮೌನದ ಫಲವು ಪರರಿಗೆ ಹೋಗುತ್ತದೆ. ನಷ್ಟ ಮಾತ್ರ ಅವನದು. ‘ನಾನು ಮಾಡಿದೆ’ ಎಂದು ಮಕ್ಕಳೆದುರು ಹೇಳಿಕೊಳ್ಳುವ ಸುಖವನ್ನೂ ಅವನು ಬಿಟ್ಟಿದ್ದಾನೆ. ಇದು ಸುಳ್ಳಲ್ಲ, ತ್ಯಾಗ. ಆದರೆ ಇದೇ ಒರೆಗಲ್ಲು ಅಧಿಕಾರಿಗೂ ಎಚ್ಚರಿಕೆ. ಕರ್ತವ್ಯದ ರಹಸ್ಯವನ್ನು ನೆಪ ಮಾಡಿಕೊಂಡು ಮನೆಯ ಹಣ, ಆರೋಗ್ಯ, ಮನಸ್ಸಿನ ಕಷ್ಟಗಳನ್ನೂ ಮುಚ್ಚಿಟ್ಟರೆ ಅವನು ಮೊದಲನೆಯ ಪಂಕ್ತಿಗೇ ಸೇರುತ್ತಾನೆ.

ಮನೆಯವರಿಗೂ ಇಲ್ಲಿ ಒಂದು ಧರ್ಮವುಂಟು. ವಾರಣಾವತಕ್ಕೆ ಹೊರಟ ಪಾಂಡವರಿಗೆ ವಿದುರನು ಅರಗಿನ ಮನೆಯ ಅಪಾಯವನ್ನು ಎಲ್ಲರ ನಡುವೆಯೇ, ಇತರರಿಗೆ ಅರ್ಥವಾಗದ ಗೂಢವಾದ ಮಾತಿನಲ್ಲಿ ಸೂಚಿಸಿದನು. ಧರ್ಮರಾಜನು ‘ತಿಳಿಯಿತು’ ಎಂದಷ್ಟೇ ಹೇಳಿದನು. ಜನರೆಲ್ಲ ಹಿಂದಿರುಗಿದ ಮೇಲೆ ಕುಂತಿಯು ಮಗನ ಬಳಿಗೆ ಬಂದು, ತಾವು ಕೇಳಬಹುದಾದದ್ದಾದರೆ, ಅದರಿಂದ ದೋಷವಿಲ್ಲವಾದರೆ, ವಿದುರನು ಹೇಳಿದ್ದನ್ನು ತಿಳಿಸೆಂದಳು. ಆಗ ಅವನು ತಿಳಿಸಿದನು. ಕುಂತಿಯ ಆ ‘ಆದರೆ’ ಎಂಬುದನ್ನು ನಮ್ಮ ಹೆಣ್ಣುಮಕ್ಕಳೂ ಹಿರಿಯರೂ ಮನನ ಮಾಡಬೇಕು. ಕೇಳುವ ಅಧಿಕಾರವನ್ನು ಅವಳು ಬಿಡಲಿಲ್ಲ. ಹೇಳದಿರುವ ಸ್ವಾತಂತ್ರ್ಯವನ್ನೂ ಮಗನಿಗೆ ಉಳಿಸಿಕೊಟ್ಟಳು.

ನಮ್ಮ ಅನುಭವವು ಬಹಳ ಸಣ್ಣದು. ೧೯೯೯ರಲ್ಲಿ ಕಾರ್ಗಿಲ್ ಯುದ್ಧವಾದಾಗ ನಾವು ರೈಲ್ವೆಯ ಕಂಟ್ರೋಲ್ ಕಚೇರಿಯಲ್ಲಿದ್ದೆವು. ಮಿಲಿಟರಿ ಸ್ಪೆಷಲ್ ಗಾಡಿಗಳು ಎಲ್ಲಿಂದ ಎಲ್ಲಿಗೆ ಎಂಬುದನ್ನು ಮನೆಯಲ್ಲಿ ಆಡುವಂತಿರಲಿಲ್ಲ. ಮನೆಯಲ್ಲಿ ನಮ್ಮ ತಂದೆಯವರ ಶ್ರಾದ್ಧ. ಬೆಳಗಿನ ಜಾವಕ್ಕೆ ಬರಬೇಕಾದ ನಾವು ಬಂದದ್ದು ಮಧ್ಯಾಹ್ನಕ್ಕೆ. ಪುರೋಹಿತರು ಕಾದು ಕುಳಿತಿದ್ದರು. “ಗಾಡಿ ಇತ್ತು” ಎಂದೆವು. ನಮ್ಮ ಮನೆಯವರು ಯಾವ ಗಾಡಿಯೆಂದು ಕೇಳದೆ ಸ್ನಾನಕ್ಕೆ ನೀರು ತೋಡಿಟ್ಟರು. ದೇಶಸೇವೆಯೆಂದು ಯಾರಾದರೂ ನಮ್ಮನ್ನು ಹೊಗಳಿದರೆ ಅದರಲ್ಲಿ ಅರ್ಧವು ಆ ನೀರಿಗೆ ಸಲ್ಲಬೇಕೆಂದು ಇಂದಿಗೂ ಅನ್ನಿಸುತ್ತದೆ. ಲೆಕ್ಕವನ್ನು ನೋಡದೆಯೇ ಅವರು ಭಾಗವನ್ನು ಹೊತ್ತಿದ್ದರು. ಪೂರ್ವಪಕ್ಷಕ್ಕೆ ಇದೇ ಸಮಾಧಾನ.

ಇನ್ನು, ಯಾರೂ ಅರಿಯದ ಕಾರ್ಯವು ವ್ಯರ್ಥವೇ ಎಂಬ ಶಂಕೆಯು ಮಧ್ವಶಾಸ್ತ್ರದ ಪರಿಚಯವುಳ್ಳವರಿಗೆ ಬರಲಾಗದು. ಸ್ವತಂತ್ರಕರ್ತನು ಶ್ರೀಹರಿಯೊಬ್ಬನೇ, ಜೀವನು ಅವನ ಅಧೀನ. ಮುಖ್ಯಪ್ರಾಣದೇವರು ಹನುಮಂತರೂಪದಿಂದ ರಾತ್ರಿಯಲ್ಲಿ, ಕಿರಿದಾದ ದೇಹವನ್ನು ತಾಳಿ, ಯಾರಿಗೂ ಕಾಣದಂತೆ ಲಂಕೆಯನ್ನು ಶೋಧಿಸಿದರು. ಮುಂದೆ ಸ್ವಾಮಿಯು ಕೇಳಿದಾಗ ಕೋಟೆ, ಕಂದಕ, ದ್ವಾರಗಳನ್ನು ಒಂದೊಂದಾಗಿ ವಿವರಿಸಿದರು. ಅರಿಯಬೇಕಾದವನು ಅರಿತನು, ಅದು ಸಾಕಾಯಿತು. ದಿನವೂ ಕರ್ಮದ ಕೊನೆಯಲ್ಲಿ ನೀರು ಬಿಟ್ಟು ಸಮರ್ಪಣೆ ಮಾಡುವ ನಾವು, ಸಮರ್ಪಿಸಿದ್ದಕ್ಕೆ ಲೋಕದಿಂದ ರಸೀದಿಯನ್ನು ಬಯಸುವುದು ಹೇಗೆ?

ಆ ತಾಯಿಯು ಮತ್ತೆ ದರ್ಶನಕ್ಕೆ ಬಂದಾಗ ನಾವು ಹೇಳಬೇಕೆಂದಿರುವುದಿಷ್ಟು: ಅಮ್ಮ, ನಿಮ್ಮ ಅಳಿಯಂದಿರು ಸುಳ್ಳುಗಾರರಲ್ಲ. ಅವರು ಮನೆಗೆ ಬಂದಾಗ ಎಲ್ಲಿಗೆ ಹೋಗಿದ್ದಿರೆಂದು ಕೇಳಬೇಡಿ. ಊಟವಾಯಿತೇ ಎಂದು ಕೇಳಿ. ಅದಕ್ಕೆ ಅವರು ನಿಜವನ್ನೇ ಹೇಳುತ್ತಾರೆ.

ಶ್ರೀಕೃಷ್ಣಾರ್ಪಣಮಸ್ತು.